ಹುಟ್ಟು ಹೃದ್ರೋಗವೂ ಮಕ್ಕಳ ಬುದ್ಧಿವಿಕಾಸವೂ

(ಶ್ರೀಮಠದ ಮಹೋತ್ಸವದ ಅಂಗವಾಗಿ ಬೆಂಗಳೂರು ಕಲಾಸಿಪಾಳ್ಯದಲ್ಲಿ ನೆರೆದಿದ್ದ ಭಕ್ತಮಹಾಸಭೆಯಲ್ಲಿ ಮಾಡಿದ ಉಪನ್ಯಾಸ)

॥ ಶ್ರೀ ಗುರುಬಸವಲಿಂಗಾಯ ನಮಃ ॥



ಮಹಾಜನರೆ, ಪಾಠಶಾಲೆಯಲ್ಲಿ ವ್ಯಾಕರಣ, ತರ್ಕ, ಶಿವಾನುಭವಶಾಸ್ತ್ರಗಳನ್ನು ಓದಿ, ಅವನ್ನೇ ಮಕ್ಕಳಿಗೆ ಹೇಳಿಕೊಡುತ್ತ ಕಾಲ ಕಳೆದ ನನ್ನಂಥವನು, ವೈದ್ಯರಾದವರು ಮಾತನಾಡತಕ್ಕ ವಿಷಯವನ್ನು ಎತ್ತಿಕೊಂಡುದೇಕೆಂದು ತಮ್ಮಲ್ಲಿ ಕೆಲವರಿಗೆ ಆಶ್ಚರ್ಯವಾಗಬಹುದು. ಇದಕ್ಕೆ ಎರಡು ಕಾರಣಗಳುಂಟು. ಒಂದನೆಯದು ನಾವು ಸೇರಿರುವ ಈ ಸ್ಥಳ. ಎರಡನೆಯದು ನನ್ನಿಂದಲೇ ನಡೆದ ಒಂದು ತಪ್ಪು.

ಈ ಕಲಾಸಿಪಾಳ್ಯವು ಊರೂರುಗಳ ಬಸ್ಸುಗಳು ಬಂದು ನಿಲ್ಲುವ ಸ್ಥಳವೆಂಬುದು ತಮಗೆ ಗೊತ್ತಿರುವುದೇ. ಬೆಳಗಿನ ಜಾವದಲ್ಲಿ ಇಲ್ಲಿ ಬಸ್ಸಿನಿಂದಿಳಿಯುವವರಲ್ಲಿ ವ್ಯಾಪಾರಕ್ಕೆ ಬಂದವರೂ ಇರುತ್ತಾರೆ, ನೆಂಟರ ಮನೆಗೆ ಬಂದವರೂ ಇರುತ್ತಾರೆ. ಅವರ ನಡುವೆ ಕಂಬಳಿಯಲ್ಲಿ ಸುತ್ತಿದ ಕೂಸನ್ನು ಎದೆಗವಚಿಕೊಂಡು, ದೊಡ್ಡಾಸ್ಪತ್ರೆ ಎಲ್ಲಿದೆಯೆಂದು ಕೇಳುತ್ತ ನಡೆಯುವ ತಾಯಂದಿರೂ ಇರುತ್ತಾರೆ. ೧೯೦೦ರಲ್ಲಿ ಲಾರ್ಡ್ ಕರ್ಜನರಿಂದ ಪ್ರಾರಂಭೋತ್ಸವವನ್ನು ಕಂಡ ವಿಕ್ಟೋರಿಯಾ ಆಸ್ಪತ್ರೆಯೂ, ೧೯೩೫ರಿಂದ ಹೆಂಗಸರಿಗೂ ಮಕ್ಕಳಿಗೂ ಆಶ್ರಯವಾಗಿರುವ ವಾಣಿವಿಲಾಸ ಆಸ್ಪತ್ರೆಯೂ ಇಲ್ಲಿಗೆ ಕೂಗಳತೆಯಲ್ಲಿವೆ. ಇಂದು ಬನ್ನೇರುಘಟ್ಟ ರಸ್ತೆಯಲ್ಲಿ ದೊಡ್ಡದಾಗಿ ಬೆಳೆದುನಿಂತಿರುವ ಜಯದೇವ ಹೃದ್ರೋಗ ಸಂಸ್ಥೆಯು ಮೊದಲು ತಲೆಯೆತ್ತಿದುದೂ ಇದೇ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿಯೇ. ಆ ಸಂಸ್ಥೆಯು ಧರಿಸಿರುವ ಹೆಸರು ಯಾರದು? ಚಿತ್ರದುರ್ಗದ ಬೃಹನ್ಮಠದ ಜಯದೇವ ಮುರುಘರಾಜೇಂದ್ರ ಮಹಾಸ್ವಾಮಿಗಳವರದು. ಹೃದಯದ ವೈದ್ಯಕ್ಕೂ ನಮ್ಮ ಮಠಗಳ ಪರಂಪರೆಗೂ ಸಂಬಂಧವೇ ಇಲ್ಲವೆಂದು ಹೇಳತಕ್ಕವರಿಗೆ ಈ ಒಂದು ಹೆಸರೇ ಸಾಕಾದ ಉತ್ತರ.

ಇನ್ನು ನನ್ನ ತಪ್ಪನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಪಾಠಶಾಲೆಗೆ ಒಂಬತ್ತು ವರ್ಷದ ಬಾಲಕನೊಬ್ಬನು ಬಂದು ಸೇರಿದನು. ಹುಟ್ಟುವಾಗಲೇ ಅವನ ಹೃದಯದಲ್ಲಿ ದೋಷವಿದ್ದು, ಮೂರನೆಯ ವಯಸ್ಸಿನಲ್ಲಿ ಶಸ್ತ್ರಚಿಕಿತ್ಸೆಯಾಗಿತ್ತು. ಒಮ್ಮೆ ಕೇಳಿದ ವಚನವನ್ನು ಅವನು ರಾಗಸಹಿತವಾಗಿ ಹಾಡಿ ಒಪ್ಪಿಸುವನು. ಆದರೆ ಹಲಗೆಯ ಮೇಲೆ ಬರೆದುದನ್ನು ನೋಡಿ ಬರೆಯೆಂದರೆ ಸಾಲುಗಳನ್ನು ಹಾರಿಸುವನು. ಅಕ್ಷರಗಳು ಒಂದರ ಮೇಲೊಂದು ಏರುವವು. ಪೂಜೆಗೆ ಹೂವನ್ನೂ ಪತ್ರೆಯನ್ನೂ ನೀರನ್ನೂ ತಾರೆಂದರೆ ಪತ್ರೆಯನ್ನು ಮಾತ್ರ ತಂದು ನಿಲ್ಲುವನು. ಇಷ್ಟು ಚೆನ್ನಾಗಿ ಹಾಡುವ ಹುಡುಗನು ಇಷ್ಟು ಕೆಟ್ಟದಾಗಿ ಬರೆಯುವುದು ಸೋಮಾರಿತನವಲ್ಲದೆ ಮತ್ತೇನೆಂದು ನಾನು ತೀರ್ಮಾನಿಸಿದೆನು, ಗದರಿಸಿದೆನು, ತರಗತಿಯ ಎದುರಿಗೆ ನಿಲ್ಲಿಸಿದೆನು. ತಾಯಿಯು ಬಂದಾಗ, 'ಎದೆ ಸರಿಯಾಗಿ ಆರು ವರ್ಷವಾಯಿತಲ್ಲಮ್ಮ, ಇನ್ನೂ ಅದನ್ನೇ ನೆಪ ಹೇಳಿದರೆ ಹೇಗೆ?' ಎಂದು ಕೇಳಿಯೂ ಬಿಟ್ಟೆನು. ಆಕೆಯು ಓದುಬರಹ ತಿಳಿದವಳಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೀಗೆಂದಳು: 'ಎದೆ ಸರಿಹೋಯ್ತು ಅಂತ ಎಲ್ರೂ ಹೇಳ್ತಾರೆ ಅಯ್ಯನೋರೆ. ಸರಿಹೋಗೋಕೆ ಮುಂಚೆ ಮೂರು ವರ್ಸ ಅವನು ಹೆಂಗೆ ಉಸಿರಾಡ್ದ ಅಂತ ನಂಗೊಬ್ಳಿಗೇ ಗೊತ್ತು. ಆ ಮೂರು ವರ್ಸ ಎಲ್ಲಿಗೋಯ್ತು?'

ಈ ಪ್ರಶ್ನೆಗೆ ನಾನು ಓದಿದ ಯಾವ ಶಾಸ್ತ್ರದಿಂದಲೂ ಉತ್ತರ ಕೊಡಲಾರದೆ ಹೋದೆನು. ಶ್ರೀಮಠದ ಭಕ್ತರಾದ ವೈದ್ಯರೊಬ್ಬರ ಬಳಿಗೆ ಹೋಗಿ, ಅವರಿಂದ ಕೇಳಿ ತಿಳಿದು, ಓದಿಸಿಕೊಂಡು ಮನನಮಾಡಿದುದನ್ನೇ ಈ ದಿನ ತಮ್ಮ ಮುಂದೆ ಇಡುತ್ತಿದ್ದೇನೆ. 'ಆ ಮೂರು ವರ್ಷ ಎಲ್ಲಿಗೆ ಹೋಯಿತು?' ಎಂಬುದೇ ಈ ಉಪನ್ಯಾಸದ ವಿಷಯ.

ಮೊದಲು ನಮ್ಮ ಪ್ರಾಚೀನರ ಮಾತನ್ನು ನೋಡೋಣ. ಗರ್ಭದಲ್ಲಿ ಮೊದಲು ಹುಟ್ಟುವ ಅಂಗ ಯಾವುದೆಂಬ ಬಗ್ಗೆ ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಒಂದು ವಾದವುಂಟು. ಮೊದಲು ಶಿರಸ್ಸೆಂದು ಶೌನಕನು ಹೇಳಿದನು. ಬುದ್ಧಿಗೂ ಮನಸ್ಸಿಗೂ ನೆಲೆಯಾದ ಹೃದಯವೇ ಮೊದಲೆಂದು ಕೃತವೀರ್ಯನು ಹೇಳಿದನು. ನಾಭಿಯೆಂದು ಒಬ್ಬರು, ಕೈಕಾಲುಗಳೆಂದು ಒಬ್ಬರು, ನಡುಮೈಯೆಂದು ಮತ್ತೊಬ್ಬರು ವಾದಿಸಿದರು. ಧನ್ವಂತರಿಯು ಇವಾವುದನ್ನೂ ಒಪ್ಪದೆ, ಎಲ್ಲ ಅಂಗಗಳೂ ಏಕಕಾಲದಲ್ಲಿಯೇ ಹುಟ್ಟುವುವೆಂದೂ, ಎಳೆಯ ಮಾವಿನ ಕಾಯಿಯಲ್ಲಿ ತಿರುಳು, ನಾರು, ಓಟೆಗಳು ಬೇರೆ ಬೇರೆಯಾಗಿ ಕಾಣದಿದ್ದರೂ ಇರುವಂತೆ, ಅವು ಸೂಕ್ಷ್ಮವಾದುದರಿಂದ ನಮಗೆ ಕಾಣವೆಂದೂ ಸಿದ್ಧಾಂತಮಾಡಿದನು. ಇನ್ನು ಮನಸ್ಸಿನ ಸ್ಥಾನದ ವಿಷಯ. ಸುಶ್ರುತನು ಚೈತನ್ಯಕ್ಕೆ ಹೃದಯವೇ ನೆಲೆಯೆಂದರೆ, ಭೇಲಸಂಹಿತೆಯು ಮನಸ್ಸನ್ನು ಶಿರಸ್ಸಿಗೂ ತಾಲುವಿಗೂ ನಡುವೆ ಇಟ್ಟು, ಚಿತ್ತವನ್ನು ಹೃದಯದಲ್ಲಿ ಉಳಿಸಿತು. ಅಂದಮೇಲೆ ತಲೆಗೂ ಎದೆಗೂ ಇರುವ ಸಂಬಂಧವೇನೆಂಬ ವಿಚಾರವು ನಮ್ಮವರಿಗೆ ಹೊಸದಲ್ಲ.

ಇಂದಿನ ವೈದ್ಯಶಾಸ್ತ್ರವು ಬುದ್ಧಿಯ ವ್ಯಾಪಾರವೆಲ್ಲವನ್ನೂ ಮಿದುಳಿಗೆ ಒಪ್ಪಿಸಿದೆ. ಹೃದಯವೆಂಬುದು ರಕ್ತವನ್ನು ನೂಕುವ ಮಾಂಸಯಂತ್ರ. ಇದನ್ನು ಕೇಳಿ ನಮ್ಮಂಥವರು ನೊಂದುಕೊಳ್ಳಬೇಕಾದುದಿಲ್ಲ. ಏಕೆಂದರೆ ಅದೇ ಶಾಸ್ತ್ರವು, ಗರ್ಭಧಾರಣೆಯಾದ ಸುಮಾರು ೨೨ನೆಯ ದಿನಕ್ಕೆ ಹೃದಯವು ಮಿಡಿಯಲಾರಂಭಿಸುವುದೆಂದೂ, ಮಿದುಳಿಗೂ ಬೆನ್ನುಹುರಿಗೂ ಮೂಲವಾದ ನಾಳವು ೨೮ನೆಯ ದಿನದ ಹೊತ್ತಿಗೆ ಮುಚ್ಚಿಕೊಳ್ಳುವುದೆಂದೂ ಕಂಡುಹಿಡಿದಿದೆ. ತಾಯಿಗೆ ತಾನು ಗರ್ಭಿಣಿಯೆಂದು ತಿಳಿಯುವುದಕ್ಕೆ ಮುಂಚೆಯೇ, ಒಂದೇ ವಾರದ ಅಂತರದಲ್ಲಿ, ಎರಡು ಅಂಗಗಳಿಗೂ ಬುನಾದಿ ಬಿದ್ದಿರುತ್ತದೆ. ಧನ್ವಂತರಿಯ ಪಕ್ಷವೇ ಗೆದ್ದಿತೆಂದು ಪೂರ್ತಿಯಾಗಿ ಹೇಳಲಾಗದಿದ್ದರೂ, ಇವೆರಡೂ ಒಡಹುಟ್ಟಿದವೆಂಬುದರಲ್ಲಿ ಸಂದೇಹವಿಲ್ಲ. ಒಡಹುಟ್ಟಿದವರಲ್ಲಿ ಒಬ್ಬನ ಬಡತನವು ಇನ್ನೊಬ್ಬನ ಊಟಕ್ಕೂ ತಟ್ಟುವುದಷ್ಟೆ.

ಅದು ತಟ್ಟುವ ಬಗೆಯನ್ನು ಹೇಳುತ್ತೇನೆ. ಗರ್ಭದಲ್ಲಿರುವ ಶಿಶುವು ತಾನಾಗಿ ಉಸಿರಾಡುವುದಿಲ್ಲ. ಪ್ರಾಣವಾಯುವಿನಿಂದ ತುಂಬಿದ ರಕ್ತವು ಮಾಸಿನಿಂದ ಹೊಕ್ಕುಳ ಬಳ್ಳಿಯ ಮೂಲಕ ಬಂದು ಹೃದಯದ ಬಲಭಾಗವನ್ನು ಸೇರುತ್ತದೆ. ಅಲ್ಲಿಂದ, ಎರಡು ಮೇಲ್ಕೋಣೆಗಳ ನಡುವೆ ಆ ಕಾಲಕ್ಕೆಂದೇ ಇರುವ ಒಂದು ಕಿಂಡಿಯ ಮೂಲಕ ಎಡಭಾಗಕ್ಕೆ ಹಾದು, ನೆಟ್ಟಗೆ ತಲೆಯ ಕಡೆಗೆ ಏರುತ್ತದೆ. ದೇಹದಲ್ಲಿ ಸುತ್ತಿ ಸತ್ತ್ವಗುಂದಿದ ರಕ್ತವು ಕೆಳಗಿನ ಅಂಗಗಳ ಕಡೆಗೂ ಮಾಸಿನ ಕಡೆಗೂ ಹೋಗುತ್ತದೆ. ಅಂದರೆ ಶ್ರೇಷ್ಠವಾದ ರಕ್ತದ ಮೊದಲ ಪಾಲು ಮಿದುಳಿಗೆ ಮೀಸಲು. ಕೆರೆಯ ತೂಬಿನಿಂದ ಹೊರಟ ನೀರನ್ನು ಮೊದಲು ಸಸಿಮಡಿಗೆ ಹಾಯಿಸಿ, ಮಿಕ್ಕುದನ್ನು ಗದ್ದೆಗೆ ಬಿಡುವ ನೀರುಗಂಟಿಯ ಕೆಲಸದಂತೆ ಇದು ನಡೆಯುತ್ತದೆ.

ಹುಟ್ಟು ಹೃದ್ರೋಗದಲ್ಲಿ ಈ ಕಾಲುವೆಗಳ ವ್ಯವಸ್ಥೆಯೇ ತಪ್ಪುತ್ತದೆ. ಕೆಲವು ಶಿಶುಗಳಲ್ಲಿ ಹೃದಯದಿಂದ ಹೊರಡುವ ಎರಡು ಮಹಾನಾಳಗಳು ಒಂದರ ಸ್ಥಾನದಲ್ಲಿ ಇನ್ನೊಂದು ಹುಟ್ಟಿರುತ್ತವೆ. ಆಗ ಸತ್ತ್ವವುಳ್ಳ ರಕ್ತವು ಶ್ವಾಸಕೋಶಗಳ ಕಡೆಗೂ ಕೆಳಮೈಗೂ ತಿರುಗಿ, ಸತ್ತ್ವ ಕಡಮೆಯಾದುದು ತಲೆಗೆ ಏರುತ್ತದೆ. ಮತ್ತೆ ಕೆಲವರಲ್ಲಿ ಎಡಭಾಗದ ಹೃದಯವೇ ಬೆಳೆಯದೆ, ತಲೆಗೆ ಹೋಗಬೇಕಾದ ರಕ್ತವು ಬೇರೊಂದು ನಾಳದಿಂದ ಹಿಮ್ಮುಖವಾಗಿ ಹರಿದು ಹೋಗಬೇಕಾಗುತ್ತದೆ. ಮಿದುಳು ಇದನ್ನು ಸುಮ್ಮನೆ ನೋಡುತ್ತ ಕೂಡುವುದಿಲ್ಲ. ತನ್ನ ರಕ್ತನಾಳಗಳನ್ನು ಹಿಗ್ಗಿಸಿ ಹೆಚ್ಚು ರಕ್ತವನ್ನು ಬರಮಾಡಿಕೊಳ್ಳಲು ಯತ್ನಿಸುತ್ತದೆ. ಆದರೂ ಕೊರತೆಯು ಪೂರ್ತಿಯಾಗಿ ತುಂಬುವುದಿಲ್ಲ.

ಇಲ್ಲಿ ತಾಯಂದಿರು ಗಮನವಿಟ್ಟು ಕೇಳಬೇಕು. ಮಿದುಳು ವಿಶೇಷವಾಗಿ ಬೆಳೆಯುವುದು ಗರ್ಭದ ಕೊನೆಯ ಮೂರು ತಿಂಗಳುಗಳಲ್ಲಿ. ಅದುವರೆಗೆ ನುಣುಪಾಗಿದ್ದ ಅದರ ಮೈ ಮಡಿಕೆ ಮಡಿಕೆಯಾಗಿ ಸುರುಳಿಗೊಳ್ಳುತ್ತದೆ. ಒಂದು ಭಾಗದಿಂದ ಇನ್ನೊಂದಕ್ಕೆ ಸುದ್ದಿಯನ್ನೊಯ್ಯುವ ತಂತುಗಳಿಗೆ ಬಿಳಿಯ ಹೊದಿಕೆಯನ್ನು ನೇಯತಕ್ಕ ಕಣಗಳು ಆಗಲೇ ಸಿದ್ಧವಾಗುತ್ತಿರುತ್ತವೆ. ಪ್ರಾಣವಾಯುವಿನ ಕೊರತೆಯನ್ನು ತೀರ ಸಹಿಸದ ಕಣಗಳೆಂದರೆ ಇವೇ. ನಮ್ಮ ಸಂಪ್ರದಾಯದಲ್ಲಿ ಗರ್ಭಿಣಿಗೆ ಎಂಟನೆಯ ತಿಂಗಳಲ್ಲಿ ಗರ್ಭಲಿಂಗಧಾರಣೆಯ ಸಂಸ್ಕಾರವನ್ನು ಮಾಡುವುದುಂಟಲ್ಲವೆ? ಹುಟ್ಟುವ ಮೊದಲೇ ಶಿಶುವನ್ನು ಶರಣನೆಂದು ಎಣಿಸಿ, ಅದರ ಹೆಸರಿನಲ್ಲಿ ತಾಯಿಗೆ ಲಿಂಗವನ್ನು ಕಟ್ಟುವ ಆ ತಿಂಗಳು, ಮಿದುಳು ತನ್ನ ಮಡಿಕೆಗಳನ್ನು ಕಟ್ಟಿಕೊಳ್ಳುತ್ತಿರುವ ತಿಂಗಳೂ ಆಗಿದೆ. ಹಿರಿಯರು ಇದನ್ನು ತಿಳಿದೇ ಮಾಡಿದರೆಂದು ನಾನು ಸಾಧಿಸಹೊರಟಿಲ್ಲ. ಶಿಶುವಿನ ಚರಿತ್ರೆಯು ಹೆರಿಗೆಯ ದಿನದಿಂದಲ್ಲ, ಅದಕ್ಕೂ ಹಿಂದಿನಿಂದಲೇ ಮೊದಲಾಗುತ್ತದೆಂಬ ಅರಿವು ನಮಗೆ ಸಂಪ್ರದಾಯದಿಂದಲೇ ಬಂದಿದೆಯೆಂದಷ್ಟೇ ಹೇಳುತ್ತೇನೆ.

ಈ ಸಂಗತಿಗಳು ವೈದ್ಯಲೋಕಕ್ಕೆ ತಿಳಿದುಬಂದ ಕಥೆಯೂ ಸ್ವಾರಸ್ಯವುಳ್ಳದ್ದೇ. ಮೈ ನೀಲಿಯಾಗುವ ಮಕ್ಕಳ ಹೃದಯದಲ್ಲಿ ನಾಲ್ಕು ದೋಷಗಳು ಕೂಡಿರುವುದನ್ನು ಫ್ರಾನ್ಸ್ ದೇಶದ ಫ್ಯಾಲೋ ಎಂಬ ವೈದ್ಯನು ೧೮೮೮ರಲ್ಲಿ ವಿವರಿಸಿದನು. ಆ ಬಳಿಕವೂ ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಅದಕ್ಕೆ ಚಿಕಿತ್ಸೆಯಿರಲಿಲ್ಲ. ೧೯೪೪ನೆಯ ನವೆಂಬರ್ ೨೯ರಂದು ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಅಂಥ ಶಿಶುವಿಗೆ ಮೊದಲ ಶಸ್ತ್ರಚಿಕಿತ್ಸೆಯಾಯಿತು. ಉಪಾಯವನ್ನು ಯೋಚಿಸಿದವಳು ಹೆಲೆನ್ ಟಾಸಿಗ್ ಎಂಬ ವೈದ್ಯೆ. ಶಸ್ತ್ರವನ್ನು ಹಿಡಿದವನು ಆಲ್ಫ್ರೆಡ್ ಬ್ಲೇಲಾಕ್. ಪ್ರಯೋಗಶಾಲೆಯಲ್ಲಿ ಅದರ ಕ್ರಮವನ್ನು ಮಾಡಿ ನೋಡಿ, ಅಂದು ವೈದ್ಯನ ಹಿಂದೆ ನಿಂತು ಹೆಜ್ಜೆಹೆಜ್ಜೆಗೂ ಹೇಳಿಕೊಟ್ಟವನು ವಿವಿಯನ್ ಥಾಮಸ್ ಎಂಬ ಕರಿಯ ಜನಾಂಗದ ಸಹಾಯಕ. ಈತನು ಮೊದಲು ಬಡಗಿಯ ಕೆಲಸ ಮಾಡುತ್ತಿದ್ದವನು. ಕಾಲೇಜಿನ ಮೆಟ್ಟಿಲು ಹತ್ತಲು ಹಣವಿಲ್ಲದವನು. ಬಹುಕಾಲ ಅವನ ಹೆಸರನ್ನು ಯಾರೂ ಎತ್ತಲಿಲ್ಲ. ೧೯೭೬ರಲ್ಲಿ ಅದೇ ವಿಶ್ವವಿದ್ಯಾನಿಲಯವು ಅವನಿಗೆ ಗೌರವ ಡಾಕ್ಟರೇಟನ್ನು ಕೊಟ್ಟಿತು. ಕಾಯಕಕ್ಕೆ ಕುಲವಿಲ್ಲವೆಂದು ನಂಬಿದ ಶರಣರ ಮಕ್ಕಳಾದ ನಾವು ಈ ಬಡಗಿಯನ್ನು ಸ್ಮರಿಸದೆ ಮುಂದೆ ಹೋಗಬಾರದು.

ಮುಂದೆ ಹೃದಯವನ್ನು ನಿಲ್ಲಿಸಿ, ಅದರ ಕೆಲಸವನ್ನು ಯಂತ್ರಕ್ಕೆ ವಹಿಸಿ, ಒಳಗೆ ದುರಸ್ತಿಮಾಡುವ ವಿದ್ಯೆಯು ಬಂದಿತು. ಸಾಯುತ್ತಿದ್ದ ಶಿಶುಗಳು ಬದುಕಿದವು; ಬದುಕಿದವು ಶಾಲೆಗೆ ಹೋದವು. ಆಗ ಕೆಲವು ಮಕ್ಕಳಿಗೆ ಕಲಿಕೆಯಲ್ಲಿ ತೊಡಕಿರುವುದು ಕಂಡುಬಂದಿತು. ಯಂತ್ರದಿಂದ ಹೀಗಾಯಿತೇ ಎಂಬ ಸಂಶಯವು ಹುಟ್ಟಿತು. ಬಾಸ್ಟನ್ ನಗರದಲ್ಲಿ ೧೯೮೮ರಿಂದ ೧೯೯೨ರವರೆಗೆ, ಮಹಾನಾಳಗಳು ಅದಲುಬದಲಾಗಿದ್ದ ೧೭೧ ಶಿಶುಗಳನ್ನು ಆರಿಸಿ, ಅರ್ಧದಷ್ಟು ಮಂದಿಗೆ ಮೈಯನ್ನು ತಂಪುಮಾಡಿ ರಕ್ತಸಂಚಾರವನ್ನು ಪೂರ್ತಿಯಾಗಿ ನಿಲ್ಲಿಸಿಯೂ, ಉಳಿದವರಿಗೆ ಯಂತ್ರದಿಂದ ಸಣ್ಣದಾಗಿ ರಕ್ತವನ್ನು ಹರಿಸುತ್ತಲೂ ಚಿಕಿತ್ಸೆ ಮಾಡಿ, ಆ ಮಕ್ಕಳನ್ನು ವರ್ಷಗಟ್ಟಲೆ ಪರೀಕ್ಷಿಸುತ್ತ ಬಂದರು. ಒಂದನೆಯ ವರ್ಷದಲ್ಲಿ ಮೊದಲನೆಯ ಗುಂಪಿನವರು ಕೈಕಾಲುಗಳ ಚಲನೆಯಲ್ಲಿ ಹಿಂದಿದ್ದರು. ಎಂಟನೆಯ ವಯಸ್ಸಿನಲ್ಲಿ ನೋಡಿದಾಗಲಾದರೋ, ಬುದ್ಧಿಶಕ್ತಿಯ ಒಟ್ಟು ಸರಾಸರಿಯು ಸಾಮಾನ್ಯ ಮಕ್ಕಳಿಗೆ ಹತ್ತಿರವೇ ಇದ್ದರೂ, ಎರಡು ಗುಂಪುಗಳಲ್ಲಿಯೂ ಏಕಾಗ್ರತೆ, ನೋಡಿ ಬರೆಯುವುದು, ಹಲವು ಸಂಗತಿಗಳನ್ನು ಹೊಂದಿಸಿಕೊಳ್ಳುವುದು ಇವುಗಳಲ್ಲಿ ಕುಂದು ಕಂಡಿತು. ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಮಕ್ಕಳಿಗೆ ಶಾಲೆಯಲ್ಲಿ ವಿಶೇಷ ಸಹಾಯ ಬೇಕಾಗಿದ್ದಿತು.

ಇದನ್ನು ಕೇಳಿದಾಗ ನಾನು ಬೆಚ್ಚಿದೆನು. ನೋಡಿ ಬರೆಯುವುದು! ಹೂವು, ಪತ್ರೆ, ನೀರು! ನಮ್ಮ ಪಾಠಶಾಲೆಯಲ್ಲಿ ನಾನು ಸೋಮಾರಿತನವೆಂದು ಕರೆದುದಕ್ಕೆ ಬಾಸ್ಟನ್ನಿನ ವೈದ್ಯರು ಬೇರೆ ಹೆಸರಿಟ್ಟಿದ್ದರು.

ಅನಂತರ ೨೦೦೭ರಲ್ಲಿ, ಶಸ್ತ್ರಚಿಕಿತ್ಸೆಗೆ ಮೊದಲೇ ನವಜಾತ ಶಿಶುಗಳ ಮಿದುಳಿನ ಚಿತ್ರಗಳನ್ನು ತೆಗೆದು ನೋಡಿದವರಿಗೆ, ತಿಂಗಳು ತುಂಬಿ ಹುಟ್ಟಿದ್ದರೂ ಅವುಗಳ ಮಿದುಳು ದಿನ ತುಂಬದೆ ಹುಟ್ಟಿದ ಕೂಸುಗಳ ಮಿದುಳಿನಂತೆ ಎಳೆಯದಾಗಿರುವುದು ಗೊತ್ತಾಯಿತು. ೨೦೦೯ರಲ್ಲಿ ಪ್ರಕಟವಾದ ಇನ್ನೊಂದು ಪರಿಶೋಧನೆಯು, ಕಠಿಣವಾದ ಕೆಲವು ದೋಷಗಳಲ್ಲಿ ಈ ಹಿಂದುಳಿಯುವಿಕೆಯು ಸುಮಾರು ಒಂದು ತಿಂಗಳಿನಷ್ಟೆಂದು ಅಳೆಯಿತು. ೨೦೧೦ರಲ್ಲಿ ಗರ್ಭಸ್ಥ ಶಿಶುಗಳನ್ನೇ ಚಿತ್ರಿಸಿ ನೋಡಿ, ಮಿದುಳಿನ ಬೆಳವಣಿಗೆಯು ಕೊನೆಯ ತಿಂಗಳುಗಳಲ್ಲಿ ಕುಗ್ಗುತ್ತಿರುವುದನ್ನು ಕಂಡರು. ಹಾಗಾದರೆ ದೋಷವು ಯಂತ್ರದೊಂದರದೇ ಅಲ್ಲ, ಶಸ್ತ್ರ ಹಿಡಿದ ವೈದ್ಯನದೊಂದರದೇ ಅಲ್ಲ. ಗರ್ಭದೊಳಗಿನ ಕೊರತೆ, ಹುಟ್ಟಿದ ಮೇಲಿನ ಕೊರತೆ, ಚಿಕಿತ್ಸೆಯ ಕಾಲದ ಶ್ರಮ, ಆಸ್ಪತ್ರೆಯಲ್ಲಿ ತಾಯಿಯ ಮಡಿಲು ತಪ್ಪಿ ಕಳೆದ ದಿನಗಳು, ಕೆಲವರಲ್ಲಿ ಹೃದಯವನ್ನೂ ಮಿದುಳನ್ನೂ ಒಟ್ಟಿಗೆ ತಟ್ಟುವ ಬೀಜದೋಷ: ಇವೆಲ್ಲವೂ ಹನಿಹನಿಯಾಗಿ ಕೂಡುತ್ತವೆ. ಹುಟ್ಟಿದ ಕೂಸು ಸುಮ್ಮನೆ ಮಲಗಿರುವಾಗಲೂ ಅದರ ದೇಹವು ವ್ಯಯಮಾಡುವ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಮಿದುಳೊಂದೇ ಉಣ್ಣುತ್ತದೆ. ಮೊದಲ ಎರಡು ಮೂರು ವರ್ಷಗಳಲ್ಲಿಯೇ ಅದು ತನ್ನ ಪೂರ್ಣಗಾತ್ರದ ಬಹುಭಾಗವನ್ನು ಮುಟ್ಟುತ್ತದೆ. ಆ ವರ್ಷಗಳಲ್ಲಿ ರಕ್ತವು ನೀಲಿಯಾಗಿಯೇ ಹರಿದರೆ ಉಣ್ಣುವವನಿಗೆ ಅರೆಹೊಟ್ಟೆ. ತಾಯಿಯು ಕೇಳಿದ 'ಆ ಮೂರು ವರ್ಷ' ಎಲ್ಲಿಗೂ ಹೋಗಿರಲಿಲ್ಲ. ಅವು ಬಾಲಕನ ತಲೆಯೊಳಗೇ ಉಳಿದಿದ್ದವು.

ಇಷ್ಟು ಹೇಳಿದುದರಿಂದ ಯಾರೂ ಭಯಪಡಬಾರದು. ಹುಟ್ಟುವ ಸಾವಿರ ಶಿಶುಗಳಲ್ಲಿ ಸುಮಾರು ೮ರಿಂದ ೧೦ ಶಿಶುಗಳಿಗೆ ಹೃದಯದ ದೋಷವಿರುತ್ತದೆ. ಅವುಗಳಲ್ಲಿ ಸಣ್ಣ ರಂಧ್ರಗಳು ಎಷ್ಟೋ ತಾವಾಗಿಯೇ ಮುಚ್ಚುತ್ತವೆ. ಸಾಮಾನ್ಯ ದೋಷವುಳ್ಳ ಮಕ್ಕಳಲ್ಲಿ ಬಹುಮಂದಿ ಇತರರಂತೆಯೇ ಓದಿ ಬಾಳುತ್ತಾರೆ. ಕಠಿಣವಾದ ದೋಷವುಳ್ಳವರಲ್ಲಿಯೂ ತೊಡಕು ಎಲ್ಲರಿಗೂ ಬರುವುದಿಲ್ಲ; ಬಂದರೂ ಬಹುಮಂದಿಯಲ್ಲಿ ಅದು ಮಂದಬುದ್ಧಿಯಲ್ಲ. ಎಳೆಯ ಮಿದುಳಿಗೆ ಒಂದು ದಾರಿ ಕಟ್ಟಿದರೆ ಇನ್ನೊಂದನ್ನು ಹುಡುಕಿಕೊಳ್ಳುವ ಸಾಮರ್ಥ್ಯವುಂಟು. ಆದರೆ ಹುಡುಕುವ ಕಾಲದಲ್ಲಿ ಕೈ ಹಿಡಿಯುವವರು ಬೇಕು.

ಆದಕಾರಣ ನಾವು ಮಾಡತಕ್ಕದ್ದೇನೆಂಬುದನ್ನು ಸಂಕ್ಷೇಪವಾಗಿ ಹೇಳುತ್ತೇನೆ.

ಮೊದಲನೆಯದು ಬೇಗ ಗುರುತಿಸುವುದು. ಕೂಸು ಹಾಲು ಕುಡಿಯುವಾಗ ನಡುನಡುವೆ ಬಿಟ್ಟು ಏದುತ್ತಿದ್ದರೆ, ಹಣೆಯಲ್ಲಿ ಬೆವರಿದರೆ, ತೂಕ ಏರದಿದ್ದರೆ, ಮೇಲಿಂದ ಮೇಲೆ ಎದೆ ಕಟ್ಟಿದರೆ, ಅಳುವಾಗ ತುಟಿಯೂ ಉಗುರೂ ನೀಲಿಯಾದರೆ, ನಡೆಯುವ ಮಗುವು ನಾಲ್ಕು ಹೆಜ್ಜೆ ಓಡಿ ಕುಕ್ಕರುಗಾಲಿನಲ್ಲಿ ಕುಳಿತುಬಿಟ್ಟರೆ, ದೃಷ್ಟಿ ತೆಗೆದು ಸುಮ್ಮನಿರದೆ ವೈದ್ಯರಿಗೆ ತೋರಿಸಬೇಕು. ನೀಲಿಯಾಗಿ ಉಸಿರು ಕಟ್ಟಿದಾಗ ಮೊಣಕಾಲುಗಳನ್ನು ಎದೆಗೆ ಒತ್ತಿಹಿಡಿದು ತಡವಿಲ್ಲದೆ ಆಸ್ಪತ್ರೆಗೆ ಒಯ್ಯಬೇಕು. ಗರ್ಭದ ೧೮ರಿಂದ ೨೨ನೆಯ ವಾರದೊಳಗೆ ಮಾಡುವ ಸ್ಕ್ಯಾನಿಂಗಿನಲ್ಲಿ ಕಠಿಣವಾದ ದೋಷಗಳು ಎಷ್ಟೋ ತಿಳಿಯುತ್ತವೆ. ಮೊದಲೇ ತಿಳಿದರೆ ತಕ್ಕ ಆಸ್ಪತ್ರೆಯಲ್ಲಿ ಹೆರಿಗೆಯ ಏರ್ಪಾಡು ಮಾಡಬಹುದು.

ಎರಡನೆಯದು ಹಣವಿಲ್ಲವೆಂದು ತಡಮಾಡದಿರುವುದು. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿದಂದಿನಿಂದ ೧೮ ವರ್ಷದವರೆಗಿನ ಮಕ್ಕಳನ್ನು ಅಂಗನವಾಡಿಗಳಲ್ಲಿಯೂ ಸರಕಾರಿ ಶಾಲೆಗಳಲ್ಲಿಯೂ ಪರೀಕ್ಷಿಸುತ್ತಾರೆ. ಹುಟ್ಟು ಹೃದ್ರೋಗವೂ ಬೆಳವಣಿಗೆಯ ಹಿನ್ನಡೆಯೂ ಎರಡೂ ಅದರ ಪಟ್ಟಿಯಲ್ಲಿವೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಿಂದಲೂ ಚಿಕಿತ್ಸೆಗೆ ನೆರವುಂಟು. ಬಡವನಾದ ಭಕ್ತನು ಹೊಲವನ್ನು ಮಾರುವುದಕ್ಕೆ ಮುಂಚೆ ಇವನ್ನು ವಿಚಾರಿಸಬೇಕು. ವಿಚಾರಿಸಿ ತಿಳಿಸುವುದು ಓದು ಬಲ್ಲ ಭಕ್ತರ ದಾಸೋಹ.

ಮೂರನೆಯದು, ನಾನು ಬಹುಮುಖ್ಯವೆಂದು ಹೇಳುವುದು: ಶಸ್ತ್ರಚಿಕಿತ್ಸೆಯಾದೊಡನೆ ಕೆಲಸ ಮುಗಿಯಿತೆಂದು ತಿಳಿಯದಿರುವುದು. ಅಮೆರಿಕದ ಹೃದ್ರೋಗ ಸಂಘವು ೨೦೧೨ರಲ್ಲಿ, ಇಂಥ ಮಕ್ಕಳ ಬುದ್ಧಿವಿಕಾಸವನ್ನು ಶೈಶವದಿಂದ ಪ್ರಾಯದವರೆಗೆ ಕಾಲಕಾಲಕ್ಕೆ ಪರೀಕ್ಷಿಸತಕ್ಕದ್ದೆಂದು ವಿಧಿಸಿತು. ೨೦೨೪ರಲ್ಲಿ ಅದನ್ನೇ ಮತ್ತಷ್ಟು ವಿಸ್ತರಿಸಿತು. ನಮ್ಮಲ್ಲಿ ವೈದ್ಯರು ಎಕೋ ಪರೀಕ್ಷೆಗೆ ಬರಹೇಳಿದ ದಿನ ತಪ್ಪದೆ ಹೋಗುತ್ತೇವೆ. ಮಗುವು ಕತ್ತು ನಿಲ್ಲಿಸಿತೇ, ಕುಳಿತಿತೇ, ಮಾತು ತೊಡಗಿತೇ, ಕಿವಿ ಚೆನ್ನಾಗಿ ಕೇಳುವುದೇ ಎಂಬುದನ್ನು ಕೇಳದೆ ಬರುತ್ತೇವೆ. ಇನ್ನು ಮುಂದೆ ಇದನ್ನೂ ಕೇಳಿ ಬರಬೇಕು. ಜಿಲ್ಲಾಕೇಂದ್ರಗಳಲ್ಲಿ ಇದಕ್ಕಾಗಿಯೇ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳಿವೆ. ಮನೆಯಲ್ಲಿಯೂ ಮಗುವನ್ನು ಗಾಜಿನ ಬೊಂಬೆಯಂತೆ ಮೂಲೆಯಲ್ಲಿ ಕೂರಿಸದೆ, ವೈದ್ಯರು ಒಪ್ಪುವಷ್ಟು ಆಡಗೊಡಿಸಿ, ಮಾತನಾಡಿಸಿ, ಕಥೆ ಹೇಳಿ, ಹಾಡಿ ಬೆಳೆಸಬೇಕು.

ನಾಲ್ಕನೆಯದು ಬರುವುದನ್ನು ತಡೆಯುವುದು. ಗರ್ಭಿಣಿಗೆ ರುಬೆಲ್ಲಾ ತಗಲಿದರೆ ಶಿಶುವಿನ ಕಣ್ಣು, ಕಿವಿ, ಹೃದಯ, ಮಿದುಳುಗಳೆಲ್ಲಕ್ಕೂ ಕೇಡು. ೨೦೧೭ರಲ್ಲಿ ದೇಶದಲ್ಲಿಯೇ ಮೊದಲಾಗಿ ಅದರ ಲಸಿಕೆಯ ಅಭಿಯಾನವು ನಡೆದ ಕೆಲವು ರಾಜ್ಯಗಳಲ್ಲಿ ನಮ್ಮದೂ ಒಂದು. ಆ ಲಸಿಕೆಯನ್ನು ಮಕ್ಕಳಿಗೆ ತಪ್ಪಿಸಬಾರದು. ಸಕ್ಕರೆರೋಗವುಳ್ಳ ಹೆಂಗಸು ಗರ್ಭಕ್ಕೆ ಮುಂಚೆಯೇ ಅದನ್ನು ಹತೋಟಿಗೆ ತರಬೇಕು. ಇನ್ನೊಂದು ಮಾತನ್ನು ಅಂಜುತ್ತಲೇ ಹೇಳುತ್ತೇನೆ. ಸೋದರಮಾವನಿಗೂ ಅತ್ತೆಯ ಮಗನಿಗೂ ಹೆಣ್ಣು ಕೊಡುವುದು ನಮ್ಮ ಮನೆಗಳಲ್ಲಿ ಬಳಕೆಯಾಗಿದೆ. ಮೈಸೂರು ವಿಶ್ವವಿದ್ಯಾನಿಲಯದ ಸಂಶೋಧಕರು ೨೦೦೬ರಲ್ಲಿ ಪ್ರಕಟಿಸಿದ ಪರಿಶೋಧನೆಯಲ್ಲಿ, ಇಂಥ ರಕ್ತಸಂಬಂಧದ ವಿವಾಹಗಳಿಂದ ಹುಟ್ಟು ಹೃದ್ರೋಗವು ಹೆಚ್ಚುವುದೆಂದು ಕಂಡುಬಂದಿದೆ. ಆಸ್ತಿ ಹೊರಗೆ ಹೋಗಬಾರದೆಂಬ ಲೆಕ್ಕಕ್ಕಿಂತ ಹುಟ್ಟುವ ಮಗುವಿನ ಎದೆ ದೊಡ್ಡದೆಂಬುದನ್ನು ಹಿರಿಯರು ವಿಚಾರಿಸಬೇಕು.

ಐದನೆಯದು ತಾಯಿಯನ್ನು ದೂಷಿಸದಿರುವುದು. ಗ್ರಹಣದ ದಿನ ಹೊರಗೆ ಬಂದಳೆಂದೂ, ಕಾಲ್ಗುಣ ಸರಿಯಿಲ್ಲವೆಂದೂ, ಪೂರ್ವಜನ್ಮದ ಪಾಪವೆಂದೂ ಆಡುವ ನಾಲಗೆಗಳು ನಮ್ಮ ಓಣಿಗಳಲ್ಲಿ ಇನ್ನೂ ಇವೆ. ಹೃದಯದ ಗೋಡೆಗಳು ಕೂಡಿಕೊಳ್ಳುವುದು ಗರ್ಭದ ಮೊದಲ ಎಂಟು ವಾರಗಳೊಳಗೆ. ಅದು ತಪ್ಪಿದುದಕ್ಕೆ ಬಹುಪಾಲು ಸಂದರ್ಭಗಳಲ್ಲಿ ವೈದ್ಯರಿಗೂ ಕಾರಣ ತೋರಿಸಲಾಗುವುದಿಲ್ಲ. ಪಂಚಸೂತಕಗಳನ್ನೇ ತಳ್ಳಿಹಾಕಿದ ಧರ್ಮದಲ್ಲಿ ಹುಟ್ಟಿ, ಹೆತ್ತ ತಾಯಿಗೆ ಸೂತಕದ ಮಾತನ್ನು ಆಡುವವನು ಲಿಂಗವನ್ನು ಕಟ್ಟಿಕೊಂಡು ಏನು ಪ್ರಯೋಜನ?

ಕಡೆಯದಾಗಿ ನನ್ನಂತೆ ಪಾಠ ಹೇಳುವವರಿಗೆ. ಇಂಥ ಮಗುವನ್ನು ಮುಂದೆ ಕೂರಿಸಿಕೊಳ್ಳಿರಿ. ಮೂರು ಕೆಲಸಗಳನ್ನು ಒಟ್ಟಿಗೆ ಹೇಳದೆ ಒಂದಾದಮೇಲೊಂದು ಹೇಳಿರಿ. ಬರೆಯಲು ಹೆಚ್ಚು ಹೊತ್ತು ಕೊಡಿರಿ. ಬರೆದು ತೋರಿಸಲಾರದುದನ್ನು ಬಾಯಲ್ಲಿ ಒಪ್ಪಿಸಗೊಡಿಸಿರಿ. ಬಾಯಿಂದ ಬಾಯಿಗೆ ಪಾಠವನ್ನು ಸಾಗಿಸಿಕೊಂಡು ಬಂದ ಪರಂಪರೆಯವರಾದ ನಮಗೆ ಇದು ಕಷ್ಟವಾಗಬಾರದು. ಶರಣರಲ್ಲಿ ಪಂಡಿತರೂ ಇದ್ದರು, ಕಟ್ಟಿಗೆ ಮಾರುವವರೂ ಇದ್ದರು, ದನ ಕಾಯುವವರೂ ಇದ್ದರು; ಅನುಭವಮಂಟಪದಲ್ಲಿ ಆಸನಕ್ಕೆ ಅಕ್ಷರದ ದುಂಡುತನವನ್ನು ಅಳೆದವರಿಲ್ಲ.

ಇಷ್ಟಲಿಂಗವನ್ನು ನಾವು ಎದೆಯ ಮೇಲೆ ಧರಿಸುತ್ತೇವೆ. ವಿಭೂತಿಯನ್ನು ಹಣೆಗೆ ಧರಿಸುತ್ತೇವೆ. ಎದೆಗೆ ಒಂದು, ತಲೆಗೆ ಒಂದು. ಎರಡನ್ನೂ ಬಿಡದವನೇ ಭಕ್ತ. ಮಗುವಿನ ಎದೆಯನ್ನು ವೈದ್ಯರು ಸರಿಪಡಿಸಿಕೊಟ್ಟಮೇಲೆ ಅದರ ತಲೆಯನ್ನು ಕಾಯುವ ಭಾರವು ಮನೆಯದು, ಮಠದ್ದು, ಪಾಠಶಾಲೆಯದು.

ಆ ಬಾಲಕನ ವಿಷಯವನ್ನು ಹೇಳಿ ಮುಗಿಸುತ್ತೇನೆ. ವೈದ್ಯರಿಂದ ತಿಳಿದುಬಂದ ಮರುದಿನವೇ ನಾನು ಅವನನ್ನು ಕರೆದು, ತರಗತಿಯ ಎದುರಿಗೇ, 'ತಪ್ಪು ನನ್ನದಪ್ಪ' ಎಂದೆನು. ಅವನಿಗೆ ಏನೂ ಅರ್ಥವಾಗಲಿಲ್ಲ, ನಕ್ಕನು. ಈಗಲೂ ಅವನ ಅಕ್ಷರಗಳು ದುಂಡಗಾಗಿಲ್ಲ. ಲೆಕ್ಕದಲ್ಲಿ ಈಗಲೂ ತಡವರಿಸುತ್ತಾನೆ. ಆದರೆ ಮೊದಲು ಹೂವು, ಅದಾದಮೇಲೆ ಪತ್ರೆ, ಅದಾದಮೇಲೆ ನೀರು ಎಂದು ಹೇಳಿದರೆ ಮೂರನ್ನೂ ತರುತ್ತಾನೆ. ಬೆಳಗಿನ ಪ್ರಾರ್ಥನೆಗೆ ಶ್ರುತಿ ಹಿಡಿಯುವವನು ಅವನೇ. ತಾಯಿಯು ಕಳೆದ ಸಲ ಬಂದಾಗ ಆ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ. ಬಾಗಿಲ ಬಳಿ ನಿಂತು ಮಗನ ಹಾಡನ್ನು ಕೇಳಿ ಹೋದಳು.

ಇಂಥ ಮಕ್ಕಳನ್ನೂ ಇಂಥ ತಾಯಂದಿರನ್ನೂ ಕ್ಷಮೆಯಿಂದಲ್ಲ, ತಿಳಿವಳಿಕೆಯಿಂದ ಬರಮಾಡಿಕೊಳ್ಳುವ ಬುದ್ಧಿಯನ್ನು ಗುರುಬಸವೇಶನು ನಮಗೆಲ್ಲರಿಗೂ ಕರುಣಿಸಲೆಂದು ಪ್ರಾರ್ಥಿಸಿ, ನನ್ನ ಮಾತುಗಳನ್ನು ಮುಗಿಸುತ್ತೇನೆ.

ಶರಣು ಶರಣಾರ್ಥಿ.

॥ ಶಿವಂ ಭೂಯಾತ್ ॥